ಗೋಡೆಯ ಕಲೆಯಲ್ಲೂ ಮುಖ ಕಾಣುವುದೇಕೆ?

ಪ್ರಶ್ನೆ: ಚಂದ್ರನಲ್ಲಿ ಮೊಲ, ಮೋಡದಲ್ಲಿ ಆನೆ, ತೇವ ಹಿಡಿದ ಗೋಡೆಯಲ್ಲಿ ಮುಖ ಕಾಣುತ್ತವೆ. ಇಲ್ಲದ ಆಕಾರಗಳು, ಅದರಲ್ಲೂ ಎಡಬಲ ಒಂದೇ ತೆರನಾದ ಆಕಾರಗಳು, ನಮಗೇಕೆ ಕಾಣುತ್ತವೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕಣ್ಣು ಒದಗಿಸುವ ಮಾಹಿತಿ ಯಾವಾಗಲೂ ಅರೆಬರೆಯಾದದ್ದೇ, ಉಳಿದುದನ್ನು ಮಿದುಳು ತನ್ನ ನಿರೀಕ್ಷೆಗೆ ತಕ್ಕಂತೆ ತುಂಬಿಕೊಳ್ಳುತ್ತದೆ. ಮಂಗಳ ಗ್ರಹದ ‘ಮುಖ’ ಇದಕ್ಕೆ ಬಹಳ ಒಳ್ಳೆಯ ಉದಾಹರಣೆ. 1976ರ ಜುಲೈ 25ರಂದು ವೈಕಿಂಗ್ 1 ನೌಕೆ ಸೈಡೋನಿಯಾ ಎಂಬ ಪ್ರದೇಶದ ಮೇಲಿಂದ ತೆಗೆದ ಚಿತ್ರದಲ್ಲಿ, ಕೆಲವು ಕಿಲೋಮೀಟರ್ ಉದ್ದದ ಗುಡ್ಡವೊಂದು ಅಂಗಾತ ಮಲಗಿದ ಮನುಷ್ಯನ ಮುಖದಂತೆ ಕಂಡಿತು. ಬಿಸಿಲು ಓರೆಯಾಗಿ ಬಿದ್ದಿದ್ದರಿಂದ ತಗ್ಗುಗಳ ನೆರಳೇ ಕಣ್ಣು, ಬಾಯಿಗಳಾಗಿದ್ದವು. ಮೂಗಿನ ಹೊಳ್ಳೆಯಂತಿದ್ದ ಕಪ್ಪು ಚುಕ್ಕೆಯಂತೂ ಚಿತ್ರ ಭೂಮಿಗೆ ರವಾನೆಯಾಗುವಾಗ ಮಾಹಿತಿ ಬಿಟ್ಟುಹೋದ ಗುರುತಷ್ಟೆ. ಗಮನಿಸಬೇಕಾದದ್ದು ಇನ್ನೊಂದಿದೆ. ಆ ಮುಖದ ಒಂದು ಪಕ್ಕ ಬಹುಮಟ್ಟಿಗೆ ಕತ್ತಲಲ್ಲೇ ಇತ್ತು. ಕಂಡ ಅರ್ಧಕ್ಕೆ ಅಂಥದೇ ಇನ್ನೊಂದು ಅರ್ಧವನ್ನು ಜೋಡಿಸಿ ಮುಖವನ್ನು ಪೂರ್ತಿ ಮಾಡಿದವರು ನೋಡಿದವರೇ. ಇದು ನೆರಳಿನ ಆಟವೆಂದು ನಾಸಾ ಚಿತ್ರವನ್ನು ಬಿಡುಗಡೆ ಮಾಡುವಾಗಲೇ ಹೇಳಿತ್ತಾದರೂ ಆ ಮಾತಿಗಿಂತ ಚಿತ್ರವೇ ಹೆಚ್ಚು ಓಡಾಡಿತು. 1998ರಲ್ಲಿ ಮತ್ತು 2001ರಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ಎಂಬ ನೌಕೆ ಇನ್ನೂ ಸ್ಪಷ್ಟವಾದ ಚಿತ್ರಗಳನ್ನು ಕಳುಹಿಸಿದಾಗ ಅಲ್ಲಿ ಕಂಡದ್ದು ಸವೆದು ಸೊಟ್ಟಗಾದ ಗುಡ್ಡ ಮಾತ್ರ.

ಎಡಬಲ ಸಮನಾಗಿರಬೇಕೆಂಬ ಈ ನಿರೀಕ್ಷೆಗೆ ಆಧಾರವಿಲ್ಲದೆ ಇಲ್ಲ. ಹುಲಿಯಾಗಲಿ, ಜಿಂಕೆಯಾಗಲಿ, ಮನುಷ್ಯನಾಗಲಿ ಎದುರಿನಿಂದ ನೋಡಿದರೆ ಎಡಬಲ ಬಹುಮಟ್ಟಿಗೆ ಸಮ. ಕಲ್ಲುಬಂಡೆಗಳು, ಪೊದೆಗಳು ಹಾಗಿರುವುದು ಅಪರೂಪ. ಆದ್ದರಿಂದ ಪೊದೆಯ ನಡುವೆ ಜೋಡಿ ಚುಕ್ಕೆ ಕಂಡಾಗ ಯಾವುದೋ ಪ್ರಾಣಿ ನಮ್ಮತ್ತ ಮುಖಮಾಡಿ ನಿಂತಿದೆಯೆಂದು ಭಾವಿಸುವುದೇ ಕ್ಷೇಮ. ಆ ಊಹೆ ಸುಳ್ಳಾದರೆ ಒಂದು ಕ್ಷಣ ಬೆಚ್ಚಿಬಿದ್ದದ್ದಷ್ಟೇ ನಷ್ಟ, ಊಹಿಸದೇ ಹೋದರೆ ಪ್ರಾಣಕ್ಕೇ ಸಂಚಕಾರ. ನಮ್ಮ ಪೂರ್ವಜರಲ್ಲಿ ಬದುಕುಳಿದವರು ಹೆಚ್ಚಾಗಿ ಬೆಚ್ಚುವವರೇ ಇದ್ದಿರಬೇಕು.

ಚಂದ್ರನ ಮೊಲದ ವಿಷಯ ಸ್ವಲ್ಪ ಬೇರೆ. ಅಲ್ಲಿನ ಕಪ್ಪು ಕಲೆಗಳು ಹಳೆಯ ಲಾವಾ ಹೆಪ್ಪುಗಟ್ಟಿದ ಬಯಲುಗಳು. ಅವನ್ನು ನಾವೂ ಚೀನೀಯರೂ ಮೊಲವೆನ್ನುತ್ತೇವೆ, ಯುರೋಪಿನವರು ಮನುಷ್ಯನೆನ್ನುತ್ತಾರೆ. ಯಾವುದು ಕಾಣುತ್ತದೆ ಎಂಬುದು ಚಿಕ್ಕಂದಿನಲ್ಲಿ ಕೇಳಿದ ಕಥೆಯನ್ನೂ ಅವಲಂಬಿಸುತ್ತದೆ.

ಮುಖವನ್ನು ಮಾತ್ರ ಯಾರೂ ಹೇಳಿಕೊಡಬೇಕಾಗಿಲ್ಲ. ಹುಟ್ಟಿ ಗಂಟೆಯೂ ಆಗದ ಶಿಶುಗಳು ಕಣ್ಣು, ಬಾಯಿಗಳನ್ನು ಕಲಸಿಟ್ಟ ಚಿತ್ರಕ್ಕಿಂತ ಮುಖದಂಥ ಚಿತ್ರವನ್ನೇ ಹೆಚ್ಚು ದೂರದವರೆಗೆ ದೃಷ್ಟಿಯಿಂದ ಹಿಂಬಾಲಿಸುತ್ತವೆ. ದೊಡ್ಡವರಲ್ಲಿ ಮುಖ ಕಂಡ ಸುಮಾರು 170 ಮಿಲಿಸೆಕೆಂಡುಗಳಲ್ಲಿಯೇ ಮಿದುಳಿನ ಪ್ರತಿಕ್ರಿಯೆ ದಾಖಲಾಗುತ್ತದೆ. ಗೋಡೆಯ ಕಲೆ ತೇವದಿಂದಾದದ್ದೆಂದು ಗೊತ್ತಿದ್ದರೂ ಅದರಲ್ಲಿನ ಮುಖ ಅಳಿಸಿಹೋಗದಿರುವುದು ಇದರಿಂದಲೇ.