ಹಳೆ ಮೋಟರ್‌ಹೋಮ್‌ಗೆ ಎಕ್ಸ್‌ಟೆಂಡೆಡ್ ವಾರಂಟಿ ಬೇಕಾ?

ಪ್ರಶ್ನೆ: ಅಮೆರಿಕದಲ್ಲಿದ್ದೇವೆ. 2018ರ ಕ್ಲಾಸ್ ಸಿ ಮೋಟರ್‌ಹೋಮ್ (ಮುಂದೆ ವ್ಯಾನ್, ಹಿಂದೆ ಮನೆ ಕಟ್ಟಿದ ಗಾಡಿ) ಒಂದು ನೋಡಿದ್ದೇವೆ. ಡೀಲರ್ ಐದು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿಗೆ, ಅಂದರೆ ರಿಪೇರಿ ಖರ್ಚು ಕೊಡುವ ಕಾಂಟ್ರಾಕ್ಟ್‌ಗೆ, 5,000 ಡಾಲರ್ ಕೇಳುತ್ತಿದ್ದಾನೆ. ಸಾಲದಲ್ಲೇ ಸೇರಿಸುತ್ತೇನೆ ಅನ್ನುತ್ತಾನೆ. ತಗೊಳ್ಳೋದಾ?

ಉತ್ತರ: ನಾನಾದರೆ ತಗೊಳ್ಳಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮದೂ ಕ್ಲಾಸ್ ಸಿ ಗಾಡಿಯೇ, ಫೋರ್ಡ್ ಇ-450 ಚಾಸಿ ಮೇಲೆ ಕಟ್ಟಿದ್ದು. ಎಂಜಿನ್, ಗೇರ್‌ಬಾಕ್ಸ್ ಬಗ್ಗೆ ನನಗೆ ಅಷ್ಟೇನೂ ಭಯ ಇಲ್ಲ. ಅದೇ ಚಾಸಿ ಮೇಲೆ ಆಂಬುಲೆನ್ಸ್, ಸಣ್ಣ ಸ್ಕೂಲ್ ಬಸ್ಸು ಎಲ್ಲಾ ಓಡುತ್ತವೆ. ಹಾಗಾಗಿ ರಿಪೇರಿ ಮಾಡುವವರು ಸುಲಭವಾಗಿ ಸಿಗುತ್ತಾರೆ.

ತಲೆನೋವು ಇರುವುದು ಹಿಂದಿನ ಮನೆ ಭಾಗದ್ದು. ಅದರಲ್ಲೂ ನೀರಿನದ್ದು. ಏಣಿ ಹತ್ತಿ ಚಾವಣಿ ನೋಡಿ. ವೆಂಟ್, ಆಂಟೆನಾ ಕೂತಿರುವ ಕಡೆ ಸುತ್ತಲೂ ಸೀಲಂಟ್ ಬಳಿದಿರುತ್ತಾರೆ. ಅದು ಬಿಸಿಲಿಗೆ ಒಣಗಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ನೀರು ಒಳಗಿಳಿದು ಗೋಡೆಯ ಪ್ಲೈವುಡ್ ಕೊಳೆಯಲು ಶುರುವಾಗುತ್ತದೆ. ಹೊರಗಿನ ಫೈಬರ್‌ಗ್ಲಾಸ್ ಹಾಳೆ ಉಬ್ಬಿದ ಮೇಲೇ ಎಷ್ಟೋ ಜನರಿಗೆ ಗೊತ್ತಾಗೋದು. ಆಗ ಸಾವಿರಾರು ಡಾಲರ್ ಕೈ ಬಿಡುತ್ತದೆ. ಆದರೆ ಹೆಚ್ಚಿನ ವಾರಂಟಿ ಕಾಂಟ್ರಾಕ್ಟ್‌ಗಳಲ್ಲಿ ನೀರಿನ ಹಾನಿ, ಸೀಲಂಟ್, ಗೋಡೆ, ಚಾವಣಿ ಯಾವುದೂ ಸೇರಿರುವುದಿಲ್ಲ. ಅಂದ್ರೆ ಯಾವುದಕ್ಕೆ ಹೆದರಬೇಕೋ ಅದನ್ನೇ ಬಿಟ್ಟಿದ್ದಾರೆ, ಅಲ್ವಾ?

ಫ್ರಿಜ್, ಏಸಿ, ಜನರೇಟರ್‌ಗೆ ಸಾಮಾನ್ಯವಾಗಿ ಕೊಡುತ್ತಾರೆ. ಅದಕ್ಕೂ ಷರತ್ತು ಇದೆ. ಮೆಕ್ಯಾನಿಕ್ ಕೆಲಸ ಶುರು ಮಾಡುವ ಮೊದಲು ವಾರಂಟಿ ಕಂಪನಿಗೆ ಫೋನ್ ಮಾಡಿ ಒಪ್ಪಿಗೆ ಪಡೆಯಬೇಕು. ಬಿಚ್ಚಿ ನೋಡಿದ ಮೇಲೆ "ಇದು ಸವೆತದಿಂದ ಆಗಿದ್ದು" ಅಂದರೆ ಬಿಚ್ಚಿದ ಕೂಲಿಯೂ ನಿಮ್ಮ ತಲೆ ಮೇಲೆ ಬರಬಹುದು. "ನೀವು ಕೊಳ್ಳುವ ಮುಂಚೆಯೇ ಇದ್ದ ದೋಷ" ಅಂತ ಕೈ ತೊಳೆದುಕೊಳ್ಳುವುದೂ ಉಂಟು. ಡಿಡಕ್ಟಿಬಲ್ (ರಿಪೇರಿಯಲ್ಲಿ ನೀವೇ ಕೊಡಬೇಕಾದ ಪಾಲು) ಒಂದು ಸಲ ಗಾಡಿ ಬಿಟ್ಟಿದ್ದಕ್ಕೋ, ಒಂದೊಂದು ರಿಪೇರಿಗೂ ಬೇರೆ ಬೇರೆಯೋ, ಕೇಳಿ. ಗಾಡಿಯನ್ನು ಬಾಡಿಗೆಗೆ ಕೊಡುವ ಯೋಚನೆ ಇದ್ದರೆ ಅದನ್ನೂ ಈಗಲೇ ಕೇಳಿ. ಬಾಡಿಗೆ ಗಾಡಿ ಅಂದರೆ ಎಷ್ಟೋ ಕಂಪನಿಗಳು ಕ್ಲೇಮ್ ಮುಟ್ಟುವುದಿಲ್ಲ.

ಈ ವಾರಂಟಿ ಕೊಡುವವರು ಗಾಡಿ ಮಾಡಿದವರಲ್ಲ, ಬಹುಪಾಲು ಬೇರೆ ಕಂಪನಿ. ಅದು ಐದು ವರ್ಷ ಬದುಕಿರಬೇಕು. ಇಂಥ ಕಾಂಟ್ರಾಕ್ಟ್‌ಗಳ ಹಿಂದೆ ನಿಂತಿದ್ದ ನ್ಯಾಷನಲ್ ವಾರಂಟಿ ಎಂಬ ವಿಮಾ ಕಂಪನಿ 2003ರಲ್ಲಿ ಮುಳುಗಿಹೋಯಿತು. ಹಾಗಾಗಿ ಹಿಂದೆ ಯಾವ ವಿಮಾ ಕಂಪನಿ ಇದೆ ಅನ್ನುವುದೂ ಕಾಗದದಲ್ಲಿ ಕಾಣಬೇಕು.

ಸಾಲದಲ್ಲಿ ಸೇರಿಸುವ ಮಾತಂತೂ ಬೇಡವೇ ಬೇಡ. ಶೇ. 8ರ ಬಡ್ಡಿಯಲ್ಲಿ 15 ವರ್ಷದ ಸಾಲ ಅಂತಿಟ್ಟುಕೊಳ್ಳಿ. ಆ 5,000ಕ್ಕೆ ಕೊನೆಗೆ ಸುಮಾರು 8,600 ಕಟ್ಟಿರುತ್ತೀರಿ. ವಾರಂಟಿ ಐದೇ ವರ್ಷಕ್ಕೆ ಮುಗಿದಿರುತ್ತದೆ, ಕಂತು ಇನ್ನೂ ಹತ್ತು ವರ್ಷ.

ಹಾಗಂತ ಯಾರಿಗೂ ಬೇಡ ಅನ್ನುತ್ತಿಲ್ಲ. ಹಿಂಭಾಗದಲ್ಲಿ ಡೀಸೆಲ್ ಎಂಜಿನ್ ಇರುವ ದೊಡ್ಡ ಬಸ್ಸಿನಂಥ ಗಾಡಿ, ಏರ್ ಬ್ರೇಕ್, ಹೈಡ್ರಾಲಿಕ್ ಜ್ಯಾಕ್, ಮೂರ್ನಾಲ್ಕು ಸ್ಲೈಡ್‌ಔಟ್ (ನಿಲ್ಲಿಸಿದಾಗ ಹೊರಕ್ಕೆ ಚಾಚುವ ಕೋಣೆಯ ಭಾಗ) ಇದ್ದರೆ ನಾನೂ ಯೋಚನೆ ಮಾಡುತ್ತಿದ್ದೆ. ಅಲ್ಲಿ ಒಂದು ರಿಪೇರಿಗೇ ವಾರಂಟಿ ದುಡ್ಡೆಲ್ಲಾ ವಾಪಸ್ ಬರಬಹುದು. ಎಂಜಿನ್ನೇ ಇಲ್ಲದ, ಎಳೆದುಕೊಂಡು ಹೋಗುವ ಟ್ರೇಲರ್‌ಗೆ ಮಾತ್ರ ಸುಮ್ನೆ ದಂಡ.

ಮೊದಲು ಡೀಲರ್‌ಗೆ ಸಂಬಂಧವಿಲ್ಲದ ಆರ್‌ವಿ (ಇಂಥ ಮನೆಗಾಡಿ) ಇನ್‌ಸ್ಪೆಕ್ಟರ್ ಒಬ್ಬರಿಂದ ಗಾಡಿ ನೋಡಿಸಿ. ಚಾವಣಿ, ಗೋಡೆಯ ತೇವ ಅಳೆಯಲಿ. ಫ್ರಿಜ್ ಹಿಂದಿನ ಮುಚ್ಚಳ ತೆಗೆಸಿ, ಅಲ್ಲಿ ಹಳದಿ ಪುಡಿ ಕೂತಿದ್ದರೆ ಅಮೋನಿಯಾ ಸೋರಿದೆ ಅಂತ ಅರ್ಥ, ಕೂಲಿಂಗ್ ಯೂನಿಟ್ ಮುಗೀತು. ವಾರಂಟಿಗೆ ಕೊಡದೆ ಉಳಿದ ದುಡ್ಡನ್ನು ರಿಪೇರಿಗೆ ಅಂತ ಬೇರೆ ಖಾತೆಯಲ್ಲಿಡಿ.

ಇಷ್ಟಾಗಿಯೂ ಮನಸ್ಸು ವಾರಂಟಿ ಕಡೆಗೇ ಎಳೆದರೆ, ಚೌಕಾಸಿ ಮಾಡಿ. ಡೀಲರ್‌ಗೆ ಅದರಲ್ಲಿ ಲಾಭ ಜಾಸ್ತಿ, ಇಳಿಸುತ್ತಾನೆ. ಬಣ್ಣದ ಬ್ರೋಷರ್ ಬೇಡ, ಪೂರ್ತಿ ಕಾಂಟ್ರಾಕ್ಟ್ ಕೊಡಿ, ಮನೆಗೆ ಒಯ್ದು ಓದುತ್ತೇವೆ ಅನ್ನಿ. ಇವತ್ತೇ ಸಹಿ ಹಾಕಿದರೆ ಮಾತ್ರ ಈ ರೇಟು ಅಂದರೆ ಬಿಟ್ಟು ಬನ್ನಿ. ಇದೇ ಥರದ್ದು ಆಮೇಲೆ ಹೊರಗೂ ಸಿಗುತ್ತದೆ.