ಆಗುಂಬೆ ಟ್ರಿಪ್‌ನಲ್ಲಿ ಕುಪ್ಪಳಿ ಕವಿಮನೆಗೆ ಅರ್ಧ ಗಂಟೆ ಸಾಕಾ?

ಬೆಂಗಳೂರಿಂದ ಕಾರಿನಲ್ಲಿ ಆಗುಂಬೆ, ಶೃಂಗೇರಿ. ಜೊತೆಗೆ ವಯಸ್ಸಾದವರು, ಮಕ್ಕಳು. ಸಂಜೆ ಸೂರ್ಯಾಸ್ತ ತಪ್ಪಬಾರದು. ಮಧ್ಯೆ ಅರ್ಧ ಗಂಟೆ ಕುಪ್ಪಳಿ, ಕುವೆಂಪು ಬೆಳೆದ ಮನೆ. ಮನೆಯಲ್ಲಿ ಯಾರೂ ಕುವೆಂಪು ಓದಿಲ್ಲ, ಬೋರ್ ಆಗುತ್ತಾ, ಬಿಟ್ಟು ಸಿರಿಮನೆ ಫಾಲ್ಸ್‌ಗೆ ಹೋಗೋದಾ ಅಂತ ಕೇಳಿದ್ದೀರಿ. ನಿಮ್ಮ ಪ್ಲಾನ್ ನೋಡಿದರೆ ನಮ್ಮ ಮನೆಯವರು ಯಾರೋ ಹಾಕಿದ ಹಾಗಿದೆ. ನಾವೂ ಹೀಗೇ ಹೋಗಿದ್ದೆವು.

ದಸರಾ ರಜೆ. ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು, ನಮ್ಮ ಅತ್ತೆ. ಕತ್ತಲಲ್ಲೇ ಹೊರಟು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಅರಸೀಕೆರೆ, ಕಡೂರು, ತರೀಕೆರೆ ದಾಟಿ ಶಿವಮೊಗ್ಗ. ಅಲ್ಲಿಂದ ತೀರ್ಥಹಳ್ಳಿ ರಸ್ತೆಯಲ್ಲೇ ಸಕ್ರೆಬೈಲು ಆನೆ ಬಿಡಾರ. ದಾರಿಯಲ್ಲೇ ಇದೆ ಅಲ್ವಾ, ನೋಡೇ ಬಿಡೋಣ ಅಂದುಕೊಂಡೆವು. ಅದು ಬೆಳಗಿನ ಹೊತ್ತು ನೋಡುವ ಜಾಗ. ನಾವು ಹೋಗುವ ಹೊತ್ತಿಗೆ ಆನೆಗಳ ಸ್ನಾನ, ಊಟ ಎಲ್ಲ ಮುಗಿದಿತ್ತು. ಮುಂದೆ ಮಂಡಗದ್ದೆ. ರಸ್ತೆ ಪಕ್ಕದಲ್ಲೇ ತುಂಗೆ, ನದಿ ನಡುವಿನ ಮರಗಳ ತುಂಬ ಬೆಳ್ಳಕ್ಕಿ. ಅದೂ ದಾರಿಯಲ್ಲೇ. ತೀರ್ಥಹಳ್ಳಿಯಲ್ಲಿ ಊಟ ಮುಗಿಸಿ ಕೊಪ್ಪ ರಸ್ತೆ ಹಿಡಿದು ಕುಪ್ಪಳಿ ಸೇರುವಾಗ ಮಧ್ಯಾಹ್ನ ಮೂರೂವರೆ ದಾಟಿತ್ತು.

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ನೀವು ಅದೇ ಮಾಡಲು ಹೊರಟಿದ್ದೀರಿ. ನಮ್ಮ ಮನೆಯಲ್ಲಿ ಎಲ್ಲರೂ ತಡವಾಗಿದ್ದಕ್ಕೆ ಸಕ್ರೆಬೈಲನ್ನು ಬೈಯುತ್ತಾರೆ. ನನ್ನ ಪ್ರಕಾರ ಸಕ್ರೆಬೈಲಿನದು ಏನೂ ತಪ್ಪಿಲ್ಲ. ಇಡೀ ದಿನವನ್ನು ನಾನು ಸೂರ್ಯಾಸ್ತಕ್ಕೆ ಕಟ್ಟಿಹಾಕಿದ್ದೆ. ಅಕ್ಟೋಬರ್ ಕೊನೆಗೆ ಆರು ಗಂಟೆ ಸುಮಾರಿಗೆ ಹೊತ್ತು ಮುಳುಗುತ್ತದೆ. ಪಾರ್ಕಿಂಗ್ ಸಿಗಬೇಕು, ಜನರ ಮಧ್ಯೆ ಜಾಗ ಹಿಡಿಯಬೇಕು, ಅಂದರೆ ಐದೂವರೆಗೆ ಆಗುಂಬೆಯಲ್ಲಿ ಇರಬೇಕು. ಕುಪ್ಪಳಿಯಿಂದ ವಾಪಸ್ ತೀರ್ಥಹಳ್ಳಿಗೆ ಬಂದು ಆಗುಂಬೆಗೆ ಹೋಗಲು ಒಂದೂಕಾಲು ಗಂಟೆ. ಅಂದರೆ ನಾಲ್ಕೂಕಾಲಿಗೆ ಕುಪ್ಪಳಿ ಬಿಡಬೇಕು. ಹೀಗೆ ಹಿಂದಿನಿಂದ ಲೆಕ್ಕ ಹಾಕುತ್ತಾ ಬಂದರೆ, ಕೊನೆಯಲ್ಲಿ ಇರುವುದು ಗಟ್ಟಿಯಾಗಿ ನಿಲ್ಲುತ್ತದೆ, ಅದಕ್ಕಿಂತ ಹಿಂದಿನದು ಉಳಿದಷ್ಟು ಹೊತ್ತಿನಲ್ಲಿ ಮುಗಿಯಬೇಕು. ಬೆಳಿಗ್ಗೆ ಎಲ್ಲೆಲ್ಲಿ ತಡವಾಯಿತೋ ಅದೆಲ್ಲ ಕವಿಮನೆಯ ಲೆಕ್ಕದಿಂದಲೇ ಕಳೆಯಿತು. ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಓಡಿಸಿಕೊಂಡು ಹೋಗಿದ್ದು ಆ ಮನೆಗೆ, ಅದಕ್ಕೇ ಸಮಯ ಇಲ್ಲ!

ಆದರೂ ಒಳಗೆ ಹೋದೆವು. ಹೊರಗಡೆ ನಿಂತು ನೋಡಿದರೆ ಹೆಂಚಿನ ಮಾಡಿನ ಮೂರು ಅಂತಸ್ತಿನ ಮನೆ, ಸುತ್ತ ಕಾಡು. ಒಳಗೆ ತೊಟ್ಟಿ, ಅದರ ಸುತ್ತ ಮರದ ಕಂಬಗಳು. ನಾನು ಸೀದಾ ಮೆಟ್ಟಿಲು ಹುಡುಕಿದೆ. ಜ್ಞಾನಪೀಠ, ಹಸ್ತಪ್ರತಿ, ಫೋಟೋ ಎಲ್ಲ ಬೇಗ ನೋಡಿ ಮುಗಿಸೋಣ ಅಂತ. ಅತ್ತೆ ತೊಟ್ಟಿಯ ಹತ್ತಿರವೇ ನಿಂತುಬಿಟ್ಟರು.

ಅವರು ಚನ್ನರಾಯಪಟ್ಟಣದ ಕಡೆಯವರು. ಹುಟ್ಟಿ ಬೆಳೆದಿದ್ದು ತೊಟ್ಟಿಮನೆಯಲ್ಲೇ, ಆ ಮನೆ ಪಾಲಾಗಿ, ಬಿದ್ದು, ಈಗ ಅಲ್ಲಿ ತಾರಸಿ ಮನೆಗಳಿವೆ. ಕುವೆಂಪು ಹೆಸರು ಕೇಳಿದ್ದಾರೆ, ನಾಡಗೀತೆ ಗೊತ್ತು, ಅಷ್ಟೇ. ನೀವು ಹೇಳಿದಿರಲ್ಲ ಓದದವರು ಅಂತ, ಹಾಗೆ. ಕಂಬದ ಮೇಲೆ ಕೈಯಾಡಿಸಿ, 'ನಮ್ಮನೇಲಿ ಇಷ್ಟು ದಪ್ಪ ಇರ್ಲಿಲ್ಲ' ಅಂದರು. ಅಷ್ಟರಲ್ಲಿ ಮಳೆ ಹನಿಯಲು ಶುರುವಾಯಿತು. ನಾಲ್ಕೂ ಕಡೆಯ ಮಾಡಿನ ಅಂಚಿಂದ ನೀರು ಸಾಲಾಗಿ ತೊಟ್ಟಿಯೊಳಗೆ ಇಳಿಯುತ್ತಿತ್ತು, ಒಂದೊಂದು ಹೆಂಚಿನ ತುದಿಗೆ ಒಂದೊಂದು ಎಳೆ. ಮಗಳು, 'ಅಜ್ಜಿ, ಮನೆ ಒಳಗೇ ಮಳೆ ಬರ್ತಿದೆ' ಅಂದಳು. 'ಬರ್ಲಿ ಅಂತಾನೇ ಬಿಟ್ಟಿರೋದು ಕಣೇ. ಬೆಳಕೂ ಅಲ್ಲಿಂದಾನೇ, ಗಾಳಿನೂ ಅಲ್ಲಿಂದಾನೇ. ಹಪ್ಪಳ ಒಣಗಿಸೋದೂ ಅಲ್ಲೇ.'

ಆಮೇಲೆ ಅಡುಗೆಮನೆ. ಅಲ್ಲಿ ಹಳೇ ಪಾತ್ರೆ ಪಗಡ ಇಟ್ಟಿದ್ದಾರೆ. ನನ್ನ ಕಣ್ಣಿಗೆ ಅವು ಬರೀ ಸಾಮಾನು. ಅತ್ತೆಗೆ ಒಂದೊಂದೂ ಒಂದೊಂದು ಕೆಲಸ. ಯಾವುದರಲ್ಲಿ ಮಜ್ಜಿಗೆ ಕಡೆಯುವುದು, ಹಗ್ಗವನ್ನು ಕಡಗೋಲಿಗೆ ಹೇಗೆ ಸುತ್ತುವುದು, ಒಬ್ಬಳೇ ಕೂತು ಎಳೆದರೆ ತೋಳು ಹೇಗೆ ಸೋಲುತ್ತದೆ, ಬೆಣ್ಣೆ ಬಂತು ಅಂತ ಕಡಗೋಲಿನ ಸದ್ದಿನಲ್ಲೇ ಹೇಗೆ ಗೊತ್ತಾಗುತ್ತದೆ. ಗಾಳಿಯಲ್ಲೇ ಕೈ ಎಳೆದು ತೋರಿಸಿದರು. ನನ್ನ ಮಗಳಷ್ಟೇ ಅಲ್ಲ, ಯಾರೋ ಇಬ್ಬರು ಕಾಲೇಜು ಹುಡುಗಿಯರೂ ನಿಂತು ಕೇಳುತ್ತಿದ್ದರು. ಬಾಣಂತಿ ಕೋಣೆ ಮುಂದೆ ನಿಂತು ಅವರು ನನ್ನ ಹೆಂಡತಿಗೆ ಏನೋ ಪಿಸುಗುಟ್ಟಿದರು, ಇಬ್ಬರೂ ನಕ್ಕರು. ಏನು ಅಂತ ಇವತ್ತಿಗೂ ನನಗೆ ಹೇಳಿಲ್ಲ. ಕುವೆಂಪು ಅವರ ಮದುವೆ ಮಂಟಪವನ್ನು ಜೋಪಾನವಾಗಿ ಇಟ್ಟಿರುವುದು ನೋಡಿ, 'ನಮ್ಮಲ್ಲಿ ಚಪ್ಪರ ಬಿಚ್ಚಿ ಮಾರನೇ ದಿನವೇ ಒಲೆಗೆ ಹಾಕ್ತಿದ್ರು' ಅಂದರು.

ಇಷ್ಟರಲ್ಲಿ ನಾನು ವಾಚ್ ನೋಡಿದ್ದೇ ನೋಡಿದ್ದು. 'ಅತ್ತೆ, ಹೊರಡೋಣ, ಸೂರ್ಯ ಮುಳುಗಿಬಿಡ್ತಾನೆ' ಅಂದೆ. 'ನಾಳೆನೂ ಮುಳುಗ್ತಾನಲ್ಲ' ಅಂದರು. ನಾನು ಕೇಳಲಿಲ್ಲ. ಮೇಲಿನ ಅಂತಸ್ತು ನೋಡದೆ, ಮನೆ ಹಿಂದಿನ ಗುಡ್ಡ ಕವಿಶೈಲಕ್ಕೂ ಹೋಗದೆ ಎಲ್ಲರನ್ನೂ ಕಾರಿಗೆ ಹತ್ತಿಸಿದೆ. ಕಣ್ಣೆದುರು ತೊಟ್ಟಿಗೆ ಮಳೆ ಸುರಿಯುತ್ತಿದೆ, ಅದನ್ನು ನಿಂತು ನೋಡಿದ್ದೇನೆ, ಫೋಟೋ ತೆಗೆಯುವ ಹಾಗಿಲ್ಲವಲ್ಲ ಅಂತ ಬೇಜಾರೂ ಮಾಡಿಕೊಂಡಿದ್ದೇನೆ. ಇಲ್ಲಿ ಮಳೆ ಇದ್ದರೆ ಆಗುಂಬೆಯಲ್ಲಿ ಏನಿರುತ್ತದೆ ಅಂತ ಮಾತ್ರ ತಲೆಗೆ ಹೊಳೆಯಲಿಲ್ಲ! ಆಗುಂಬೆಯಲ್ಲಿ ಎದುರಿನ ಕಾರಿನ ಲೈಟೇ ಕಾಣದಷ್ಟು ಮಂಜು. ಸೂರ್ಯಾಸ್ತದ ಕಟ್ಟೆ ಮೇಲೆ ನಮ್ಮ ಹಾಗೇ ಬಂದ ಐವತ್ತು ಜನ ಬಿಳೀ ಗೋಡೆ ನೋಡುತ್ತಾ ಚುರುಮುರಿ ತಿನ್ನುತ್ತಿದ್ದರು.

ಅತ್ತೆ ಒಂದು ಮಾತೂ ಆಡಲಿಲ್ಲ. ಹೆಂಡತಿ ಆಡಿದಳು, ಅದು ಇಲ್ಲಿ ಬೇಡ.

ಆಮೇಲೆ ಅತ್ತೆಗೆ ಮಂಡಿ ಆಪರೇಷನ್ ಆಯಿತು. ಇನ್ನೊಂದು ಸಲ ಕುಪ್ಪಳಿಗೆ ಹೊರಟಾಗ, ಮೆಟ್ಟಿಲು ಹತ್ತೋದು ನನ್ನ ಕೈಲಾಗಲ್ಲ, ನೀವು ಹೋಗಿಬನ್ನಿ ಅಂದರು. ಹೋದೆವು, ಮೇಲಿನದೆಲ್ಲ ನಿಧಾನವಾಗಿ ನೋಡಿದೆವು. ಹಸ್ತಪ್ರತಿಗಳು, ಪುಸ್ತಕಗಳು, ಫೋಟೋಗಳು, ಕುವೆಂಪು ಬಳಸುತ್ತಿದ್ದ ವಸ್ತುಗಳು. ಚೆನ್ನಾಗಿದೆ, ಎರಡು ಮಾತಿಲ್ಲ. ಆದರೆ ಅಡುಗೆಮನೆಗೆ ಬಂದಾಗ ಮಗಳು ಕಡಗೋಲಿನ ಬಗ್ಗೆ ತಮ್ಮನಿಗೆ ಅರ್ಧಂಬರ್ಧ ವಿವರಿಸುತ್ತಿದ್ದಳು. ಅವನ ಪ್ರಶ್ನೆಗಳಿಗೆ ಉತ್ತರ ಹೇಳುವವರು ಇರಲಿಲ್ಲ.

ಅದಕ್ಕೇ ನೀವು ಕೇಳಿದ 'ಓದದವರಿಗೆ ಬೋರ್ ಆಗುತ್ತಾ' ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕವಿಮನೆ ಅಂದ ತಕ್ಷಣ ಪರೀಕ್ಷೆಗೆ ಓದಿಕೊಂಡು ಹೋಗಬೇಕು ಅಂತ ಜನ ಯಾಕೆ ಅಂದುಕೊಳ್ಳುತ್ತಾರೋ. ಅದು ಮೊದಲು ಒಂದು ಮಲೆನಾಡಿನ ಒಕ್ಕಲು ಮನೆತನದ ಮನೆ, ಆಮೇಲೆ ಕವಿಯ ಮನೆ. ಕುವೆಂಪು ಹುಟ್ಟಿದ್ದು ಇಲ್ಲಲ್ಲ, 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದಿದ್ದು ಕುಪ್ಪಳಿಯಲ್ಲಿ. ಮೈಸೂರಿನ ಒಂಟಿಕೊಪ್ಪಲಿನ 'ಉದಯರವಿ' ದೊಡ್ಡವರಾದ ಮೇಲೆ ಬಾಳಿದ ಮನೆ. ಕುಪ್ಪಳಿಯ ಈ ಮನೆಯನ್ನು ದುರಸ್ತಿ ಮಾಡಿಸಿ ಹೀಗೆ ನೋಡುವಂತೆ ಮಾಡಿರುವುದು 1992ರಲ್ಲಿ ಶುರುವಾದ ಕುವೆಂಪು ಪ್ರತಿಷ್ಠಾನ. ಪುಸ್ತಕ ಓದಿದವರಿಗೆ ಮೇಲಿನ ಅಂತಸ್ತು ಹಬ್ಬ. ಓದದವರಿಗೆ, ಅದರಲ್ಲೂ ಹಳ್ಳಿಮನೆಯಲ್ಲಿ ಬೆಳೆದ ಹಿರಿಯರಿಗೆ, ಕೆಳಗಿನದು ಹಬ್ಬ. ನಿಮ್ಮ ಜೊತೆ ಬರುವ ವಯಸ್ಸಾದವರನ್ನು ಮುಂದೆ ಬಿಡಿ, ನೀವು ಹಿಂದೆ ಹೋಗಿ. ಗೈಡ್ ಬೇಕಾಗುವುದಿಲ್ಲ.

ಅರ್ಧ ಗಂಟೆ ಸಾಕಾ ಅಂದರೆ, ಸಾಲದು. ಅರ್ಧ ಗಂಟೆಯೇ ಇರುವುದಾದರೆ ಹೋಗಬೇಡಿ, ಸುಮ್ನೆ ಟಿಕೆಟ್ ಯಾಕೆ. ಮನೆಗೇ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಕವಿಶೈಲ ಬೇರೆ. ಮನೆಯ ಹಿಂದಿನ ಗುಡ್ಡ ಅದು. ನಡೆದೂ ಹೋಗಬಹುದು, ಹಿರಿಯರಿದ್ದರೆ ಕಾರಿನಲ್ಲಿ ಹತ್ತಿರದವರೆಗೂ ಹೋಗಬಹುದು. ಮೇಲೆ ಕುವೆಂಪು ಸಮಾಧಿ, ಸುತ್ತ ದೊಡ್ಡ ದೊಡ್ಡ ಕಲ್ಲುಗಳನ್ನು ನಿಲ್ಲಿಸಿ ಮಾಡಿದ ರಚನೆ, ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ಕಲ್ಪನೆ. ಬಂಡೆಯ ಮೇಲೆ ಕುವೆಂಪು ಅವರ ಗುರುಗಳಾದ ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯ, ಜೊತೆಗೆ ಕುವೆಂಪು, ಹೀಗೆ ಮೂವರ ಹೆಸರು ಕೆತ್ತಿರುವುದನ್ನು ಮಕ್ಕಳಿಗೆ ಹುಡುಕಲು ಹೇಳಿ. ಅವರು ಕೆತ್ತಿದ್ದಾರೆ ಅಂತ ನಿಮ್ಮವರು ಕೆತ್ತದ ಹಾಗೆ ನೋಡಿಕೊಳ್ಳಿ ಅಷ್ಟೇ. ಕುವೆಂಪು ಮಗ ತೇಜಸ್ವಿಯವರ ಸ್ಮಾರಕವೂ ಅಲ್ಲೇ ಹತ್ತಿರದಲ್ಲಿದೆ.

ನಾನಾಗಿದ್ದರೆ ಹೀಗೆ ಮಾಡುತ್ತೇನೆ. ಮೊದಲ ದಿನ ಏನನ್ನೂ ನೋಡುವ ಹಟ ಮಾಡದೆ ಬಂದು ತೀರ್ಥಹಳ್ಳಿಯಲ್ಲೋ ಕೊಪ್ಪದಲ್ಲೋ ಉಳಿಯುವುದು. ಮಾರನೇ ದಿನ ಬೆಳಿಗ್ಗೆ ಬೇಗ ಕವಿಶೈಲ, ಬಾಗಿಲು ತೆಗೆಯುವ ಹೊತ್ತಿಗೆ ಮನೆ. ಶನಿವಾರ ಭಾನುವಾರ ಬೇಡ. ಕುಪ್ಪಳಿಗೆ ಬಂದು ಮಂತ್ರ ಮಾಂಗಲ್ಯದ, ಅಂದರೆ ಕುವೆಂಪು ಹೇಳಿಕೊಟ್ಟ ಸರಳ ರೀತಿಯ ಮದುವೆ ಮಾಡಿಕೊಳ್ಳುವವರು ಇದ್ದಾರೆ, ಸ್ಕೂಲ್ ಬಸ್ಸುಗಳೂ ಬರುತ್ತವೆ, ಜನ ಜಾಸ್ತಿ ಆದರೆ ತೊಟ್ಟಿ ಪಕ್ಕ ಸುಮ್ಮನೆ ನಿಲ್ಲಲು ಆಗುವುದಿಲ್ಲ. ಮಧ್ಯಾಹ್ನ ಊಟ ಮಾಡಿ ಕೊಪ್ಪದ ಮೇಲೆ ಶೃಂಗೇರಿಗೆ ಹೋದರೆ ಸಂಜೆ ದೇವಸ್ಥಾನ ಆಯಿತು. ವಾಪಸ್ ತೀರ್ಥಹಳ್ಳಿಗೆ ತಿರುಗುವ ಕೆಲಸವೇ ಇಲ್ಲ.

ಹಳೇ ಮನೆ ಬೇಕೇ ಬೇಕು, ಆದರೆ ಆಗುಂಬೆ ಬಿಡಲ್ಲ ಅಂದರೆ, ಶಂಕರ್‌ನಾಗ್ ಧಾರಾವಾಹಿ ಶೂಟಿಂಗ್ ಮಾಡಿದ ದೊಡ್ಡಮನೆ ಅಲ್ಲಿದೆ. ಆದರೆ ಅದು ಜನ ವಾಸವಿರುವ ಮನೆ. ಮ್ಯೂಸಿಯಂ ಅಂದುಕೊಂಡು ನುಗ್ಗಬೇಡಿ, ಕೇಳಿ ಒಳಗೆ ಹೋಗಿ.

ಸಿರಿಮನೆ ಫಾಲ್ಸ್ ಇರುವುದು ಶೃಂಗೇರಿಯಿಂದ ಮುಂದೆ, ಕಿಗ್ಗಾ ದಾಟಿ. ಕುಪ್ಪಳಿಯೋ ಸಿರಿಮನೆಯೋ ಅಂತ ಆರಿಸಬೇಕಾಗಿಯೇ ಇಲ್ಲ, ಅದು ಮೂರನೇ ದಿನದ ಬೆಳಿಗ್ಗೆಗೆ ಸರಿ. ಕೆಳಗಿಳಿಯಲು ಮೆಟ್ಟಿಲಿದೆ, ಒದ್ದೆಯಾಗಿದ್ದರೆ ಜಾರುತ್ತದೆ, ಹಿರಿಯರು ಮೇಲೇ ಕೂರಲಿ. ಮಳೆಗಾಲ ಮುಗಿದ ಹೊಸದರಲ್ಲಿ ಹೋಗುವುದಾದರೆ ಕವಿಶೈಲದ ಕಾಲುದಾರಿಯಲ್ಲೂ ಇಲ್ಲೂ ಇಂಬಳ, ಅಂದರೆ ಜಿಗಣೆ, ಇರುತ್ತವೆ. ಮಕ್ಕಳಿಗೆ ಉದ್ದ ಸಾಕ್ಸ್ ಹಾಕಿಸಿ, ಒಂದು ಪೊಟ್ಟಣ ಉಪ್ಪು ಇಟ್ಟುಕೊಳ್ಳಿ.