ಮರುಭೂಮಿಯ ಕಪ್ಪು ಹಕ್ಕಳೆಯನ್ನು ಏಕೆ ತುಳಿಯಬಾರದು?

ಪ್ರಶ್ನೆ: ಮಗಳನ್ನು ನೋಡಲು ಅಮೆರಿಕಕ್ಕೆ ಹೊರಟಿದ್ದೇವೆ. ಯೂಟಾದ ಆರ್ಚಸ್ ರಾಷ್ಟ್ರೀಯ ಉದ್ಯಾನಕ್ಕೂ ಹೋಗುವವರಿದ್ದೇವೆ. ಅಲ್ಲಿ ಕಪ್ಪು ಮಣ್ಣನ್ನು ತುಳಿಯಬಾರದಂತೆ, ಏಕೆ? ನಮ್ಮ ತಾರಸಿಯ ಕುಂಡಗಳಲ್ಲಿ ಕಟ್ಟುವ ಹಸಿರು ಪದರವೂ ಅದೇನಾ?
- ಓದುಗರೊಬ್ಬರು, ಬಸವನಗುಡಿ

ಉತ್ತರ: ಆ ಕಪ್ಪು ಹಕ್ಕಳೆಗೆ ಜೀವವಿದೆ. ಮೇಲಿನ ಕೆಲವೇ ಮಿಲಿಮೀಟರಿನಲ್ಲಿ ನೀಲಿ-ಹಸಿರು ಪಾಚಿ, ಹಾವಸೆ, ಶಿಲೀಂಧ್ರ, ಕಲ್ಲುಹೂವಿನ ಬಗೆಗಳು ಒಟ್ಟಿಗೆ ಬೆಳೆಯುತ್ತವೆ. (ಹೌದು, ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗವೇ.) ಇವುಗಳಲ್ಲಿ ಮುಖ್ಯ ದುಡಿಮೆ ಮೈಕ್ರೋಕೋಲಿಯಸ್ ಎಂಬ ಪಾಚಿಯದು. ಇದರ ಎಳೆಗಳಿಗೆ ಅಂಟಾದ ಕವಚವಿರುತ್ತದೆ. ನೆಲ ನೆಂದಾಗ ಎಳೆಗಳು ಕವಚ ಬಿಟ್ಟು ಬೆಳಕಿನತ್ತ ಜರುಗುತ್ತವೆ, ಒಣಗುತ್ತಿದ್ದಂತೆ ಕೆಳಗಿಳಿಯುತ್ತವೆ. ಬಿಟ್ಟುಹೋದ ಕವಚಗಳು ಮರಳಿನ ಕಣಗಳನ್ನು ಹೆಣೆದು ಹಿಡಿಯುವುದರಿಂದ ಗಾಳಿಗೆ ಮಣ್ಣು ಏಳುವುದಿಲ್ಲ. ನಾಸ್ಟಾಕ್‌ನಂಥ ಪಾಚಿಗಳು ಗಾಳಿಯ ಸಾರಜನಕವನ್ನೂ ಮಣ್ಣಿಗೆ ಸೇರಿಸುತ್ತವೆ. ಗೊಬ್ಬರ ಹಾಕುವವರಿಲ್ಲದ ನೆಲದಲ್ಲಿ ಇದು ಸಣ್ಣ ಮಾತಲ್ಲ.

ತುಳಿದರೆ ಕೆಡುವುದು ಬರೀ ಹೆಜ್ಜೆಯಷ್ಟು ಜಾಗವಲ್ಲ. ಒಣಗಿದ ಎಳೆಗಳು ಪುಡಿಯಾಗುತ್ತವೆ. ಮಳೆಯಿಲ್ಲದೆ ಅವು ಬೆಳೆಯಲಾರವು, ಆದ್ದರಿಂದ ದುರಸ್ತಿಯೂ ಇಲ್ಲ. ಅಷ್ಟರೊಳಗೆ ಸಡಿಲವಾದ ಮರಳು ಗಾಳಿಗೆ ಹಾರಿ ಪಕ್ಕದ ಹಕ್ಕಳೆಯನ್ನೂ ಮುಚ್ಚುತ್ತದೆ; ಬೆಳಕಿಲ್ಲದೆ ಅದೂ ಸಾಯುತ್ತದೆ. ಪಾಚಿ ಕೆಲವು ವರ್ಷಗಳಲ್ಲಿ ಮರಳೀತು, ಕಲ್ಲುಹೂವು ಮತ್ತು ಹಾವಸೆಗೆ ದಶಕಗಳೇ ಬೇಕು. ಹೀಗೆ ಎದ್ದ ದೂಳು ರಾಕಿ ಪರ್ವತದ ಹಿಮದ ಮೇಲೆ ಕೂತರೆ ಬಿಸಿಲನ್ನು ಹೀರಿ ಹಿಮವನ್ನು ಬೇಗ ಕರಗಿಸುತ್ತದೆ. ಮರಳು ಹಾರುತ್ತಲೇ ಇದ್ದರೆ ಹೊಸ ಹಕ್ಕಳೆ ಕಟ್ಟುವುದೂ ಕಷ್ಟ: ಚೀನಾದ ಶಾಪೊತೌ ಎಂಬ ಮರಳುಗಾಡಿನ ಊರಿನಲ್ಲಿ ರೈಲು ಹಳಿಯನ್ನು ಮರಳಿನಿಂದ ಕಾಪಾಡಲು 1950ರ ದಶಕದಿಂದ ಒಣಹುಲ್ಲನ್ನು ಸುಮಾರು ಒಂದು ಮೀಟರಿನ ಚೌಕಗಳಾಗಿ ನೆಟ್ಟರು. ಮರಳಿನ ಓಟ ನಿಂತ ಮೇಲೆಯೇ ಅಲ್ಲಿ ಹಕ್ಕಳೆ ಕಟ್ಟಿತು.

ಹಾಗಾಗಿ ಕಾಲುದಾರಿ, ಬರಿಬಂಡೆ, ಒಣಗಿದ ಹಳ್ಳದ ಮರಳು, ಇವುಗಳ ಮೇಲಷ್ಟೇ ನಡೆಯಿರಿ. ದಾರಿ ತಪ್ಪಿ ಹಕ್ಕಳೆಗೆ ಇಳಿದಿದ್ದರೆ ನಿಮ್ಮದೇ ಹೆಜ್ಜೆಗುರುತಿನಲ್ಲಿ ವಾಪಸಾಗಿ. ಫೋಟೋಗೆಂದು ಹೊಸ ಜಾಗ ತುಳಿಯಬೇಡಿ.

ಕುಂಡದ ಪದರ ಇದರ ನೆಂಟನೇ, ಆದರೆ ಅದು ಹೇಳುವುದೇ ಬೇರೆ: ಮೇಲ್ಮಣ್ಣು ಒಣಗುತ್ತಲೇ ಇಲ್ಲ. ತೆಳುವಾಗಿದ್ದರೆ ಬಿಟ್ಟುಬಿಡಿ. ಹಾಕಿದ ನೀರು ಮೇಲೆಯೇ ನಿಂತರೆ ಹಳೆಯ ಚಮಚದಿಂದ ಒಂದು ಸೆಂಟಿಮೀಟರಿನಷ್ಟು ಮಾತ್ರ ಕೆದಕಿ. ಆಳಕ್ಕಿಳಿದರೆ ದಾಸವಾಳದಂಥ ಗಿಡಗಳ ಎಳೆಬೇರು ಹರಿಯುತ್ತದೆ. ಕುಂಡದ ತಳದ ತೂತು ಕಟ್ಟಿಕೊಂಡಿದೆಯೇ ನೋಡಿ. ಬೆರಳಿನ ಒಂದು ಗೆಣ್ಣಿನಷ್ಟು ಮಣ್ಣು ಒಣಗಿದ ಮೇಲೆ ನೀರು ಹಾಕಿ. ಬ್ಲೀಚಿಂಗ್ ಪುಡಿ ಮಾತ್ರ ಬೇಡ, ಪಾಚಿಯ ಜೊತೆ ಗಿಡವೂ ಹೋಗುತ್ತದೆ.